ಮನೆ ಅಳಿಯನ ಗಂಟೆ ಅಂಗಡಿ

ಮಿಂಚೊ ದ್ರಾಗೊಯೆವ್‌ನ ಕಷ್ಟಕ್ಕೆಲ್ಲ ಕಾರಣ ಒಂದು ಕರೆಂಟ್ ಬಿಲ್ಲು. ಬಿಲ್ಲು ಜಾಸ್ತಿ ಬಂದಿತ್ತು ಅಂತಲ್ಲ, ಅದರ ಮೇಲಿದ್ದ ಹೆಸರು ಅವನದಾಗಿರಲಿಲ್ಲ. ಅದು ಅವನ ಮಾವ ಹರಲಾಂಪಿ ಕುತ್ಸಾರೊವ್‌ನದು. ಹರಲಾಂಪಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆದರೂ ಕರೆಂಟಿನವರ ಪುಸ್ತಕದಲ್ಲಿ ಅವನು ಇನ್ನೂ ದೀಪ ಉರಿಸುತ್ತ, ನೀರಿನವರ ಪುಸ್ತಕದಲ್ಲಿ ಸ್ನಾನ ಮಾಡುತ್ತ, ಕೇಬಲ್‌ನವರ ಪುಸ್ತಕದಲ್ಲಿ ಫುಟ್‌ಬಾಲ್ ನೋಡುತ್ತ ಸುಖವಾಗಿದ್ದ.

ಮಿಂಚೊ ಮನೆ ಅಳಿಯ. ಬಲ್ಗೇರಿಯಾದ ಯಾವ ಊರಲ್ಲಾದರೂ ಇದು ನಗೆಪಾಟಲಿನ ಸಂಗತಿಯೇ, ನಮ್ಮ ಝ್ವಾನೆವೊದಲ್ಲಂತೂ ಅದೊಂದು ಹುದ್ದೆ. ಇಪ್ಪತ್ತಾರು ವರ್ಷದ ಹಿಂದೆ ಒಂದು ಸೂಟ್‌ಕೇಸು, ಒಂದು ಅಕಾರ್ಡಿಯನ್ ಹಿಡಿದು ಹೆಂಡತಿ ದೊಬ್ರಿನಾಳ ಅಪ್ಪನ ಫ್ಲ್ಯಾಟಿಗೆ ಬಂದಿಳಿದವನನ್ನು ಅಂದಿನಿಂದ ಇಡೀ ಕಟ್ಟಡ 'ಅಳಿಯಂದಿರು' ಎಂದೇ ಕರೆಯುತ್ತಿತ್ತು. ಅಂಚೆಯವಳಿಗೆ, ಬ್ರೆಡ್ಡಿನ ಅಂಗಡಿಯವಳಿಗೆ, ಹಲ್ಲಿನ ಡಾಕ್ಟರಿಗೆ ಕೂಡ ಅವನು 'ಹರಲಾಂಪಿಯ ಅಳಿಯ'. ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ 'ಕುತ್ಸಾರೊವ್' ಎಂದಿತ್ತು. ಅದನ್ನು ವಾರಕ್ಕೊಮ್ಮೆ ಉಜ್ಜಿ ಹೊಳಪು ಮಾಡುವ ಕೆಲಸ ಮಾತ್ರ ದ್ರಾಗೊಯೆವ್‌ನದು.

ಹರಲಾಂಪಿ ಗಂಟೆ ಮಾಡುವವನು. ಆಡು, ಕುರಿ, ಹಸುಗಳ ಕೊರಳಿಗೆ ಕಟ್ಟುವ ಗಂಟೆ. ಕಟ್ಟಡದ ನೆಲಮಾಳಿಗೆಯಲ್ಲಿ ಅವನ ಕಾರ್ಖಾನೆ. ಅಳಿಯನಿಗೆ ಅವನು ತಗಡು ಮಡಚುವುದನ್ನು ಕಲಿಸಿದ, ಬೆಸುಗೆ ಕಲಿಸಿದ, ಬರೀ ಕಿವಿಯಲ್ಲೇ ಸ್ವರ ಹಿಡಿಯುವುದನ್ನೂ ಕಲಿಸಿದ. ಆದರೆ ಗಂಟೆಯ ಅಂಚಿಗೆ ಹೆಸರು ಒತ್ತುವ ಉಕ್ಕಿನ ಮುದ್ರೆಯನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ. "ಅಂಗಡಿ ಇದ್ದೋನಿಗೆ ಹೆಸರು. ನೀನು ಮೊದಲು ಒಂದು ಅಂಗಡಿ ತೆಗಿ, ಆಮೇಲೆ ಹೆಸರು ಹೊಡಕೊಳ್ಳುವಿಯಂತೆ," ಎನ್ನುತ್ತಿದ್ದ. ಮಾವ ಸತ್ತ ಮರುವರ್ಷ ಮಿಂಚೊ ಗುಟ್ಟಾಗಿ ತನ್ನ ಹೆಸರಿನದೇ ಒಂದು ಮುದ್ರೆ ಮಾಡಿಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡ. ಆದರೆ ಒಂದು ಗಂಟೆಗೂ ಅದನ್ನು ಒತ್ತುವ ಧೈರ್ಯ ಬರಲಿಲ್ಲ. ಅಂಗಡಿ ಇರಲಿಲ್ಲವಲ್ಲ. ಹಾಲ್‌ನ ಗೋಡೆಯ ಮೇಲಿಂದ ಹರಲಾಂಪಿಯ ಫೋಟೊ ಅವನನ್ನು ದಿನಾ ನೋಡುತ್ತಿತ್ತು, ಮೀಸೆಯ ಅಡಿಯಲ್ಲಿ ಸಣ್ಣಗೆ ನಗುತ್ತ.

ಹೀಗಿರುವಾಗ ಸೆಪ್ಟೆಂಬರಿನ ಒಂದು ಬುಧವಾರ ಸ್ವಿಟ್ಜರ್‌ಲ್ಯಾಂಡಿನಿಂದ ಒಂದು ಪತ್ರ ಬಂತು. ಬೇಸಿಗೆಯಲ್ಲಿ ಬೆಟ್ಟ ಹತ್ತಲು ಬಂದವರು ಯಾರೋ ಮಿಂಚೊನಿಂದ ಒಂದು ಗಂಟೆ ಕೊಂಡೊಯ್ದಿದ್ದರು. ಅದರ ಸದ್ದು ಕೇಳಿದ ಆಡಿನ ಡೇರಿಯೊಂದರ ಯಜಮಾನನಿಗೆ ಅಂಥವೇ ನಲವತ್ತು ಬೇಕಾಗಿದ್ದವು. ಎರಡು ಷರತ್ತು. ಪ್ರತಿಯೊಂದು ಗಂಟೆಯ ಮೇಲೂ ಮಾಡಿದವನ ಹೆಸರಿರಬೇಕು. ಖರೀದಿ 'ಪಲಂಬೊ' ಎಂಬ ಹಾಲೆಂಡಿನ ಆನ್‌ಲೈನ್ ಮಾರುಕಟ್ಟೆಯ ಮೂಲಕವೇ ನಡೆಯಬೇಕು. ಶನಿವಾರ ಸಂಜೆ ಆರರೊಳಗೆ ಅಲ್ಲಿ ಮಿಂಚೊನ ಅಂಗಡಿ ಕಾಣದಿದ್ದರೆ ಆಸ್ಟ್ರಿಯಾದವರಿಗೆ ಹೇಳಿಬಿಡುವುದಾಗಿ ಪತ್ರದ ಕೊನೆಯಲ್ಲಿ ವಿನಯದಿಂದ ಬರೆದಿತ್ತು.

ಮಿಂಚೊ ಗುರುವಾರವನ್ನೂ ಶುಕ್ರವಾರವನ್ನೂ ಅಂಗಡಿಗೆ ಹೆಸರು ಯೋಚಿಸುವುದರಲ್ಲಿ ಕಳೆದ. ಶನಿವಾರ ಬೆಳಿಗ್ಗೆ 'ಮಿಂಚೊ ದ್ರಾಗೊಯೆವ್, ಗಂಟೆಗಳು' ಎಂದು ತೀರ್ಮಾನವಾಯಿತು. ಕಾಫಿ ಕುಡಿದು, ಅಂಗಿ ಬದಲಿಸಿ, ಫೋನಿನ ಮುಂದೆ ಪರೀಕ್ಷೆಗೆ ಕೂತವನ ಹಾಗೆ ಕೂತ.

ಅರ್ಜಿ ಸಲೀಸಾಗಿ ಸಾಗಿತು. ಪುಣ್ಯಕ್ಕೆ ಬರಹವೆಲ್ಲ ಬಲ್ಗೇರಿಯನ್‌ನಲ್ಲೇ ಬರುತ್ತಿತ್ತು. ಹೆಸರು ತುಂಬಿದ, ಹುಟ್ಟಿದ ದಿನ ತುಂಬಿದ. 'ಅಂಗಡಿ ಒಮ್ಮೆ ತೆರೆದ ಮೇಲೆ ಮಾಲೀಕರ ಹೆಸರು ಬದಲಾಯಿಸಬೇಕಾದರೆ ಆ ಮಾಲೀಕರೇ ವಿಡಿಯೊದಲ್ಲಿ ಖುದ್ದು ಹಾಜರಾಗಬೇಕು' ಎಂಬ ನಿಯಮ ಓದಿ ಅವನಿಗೆ ಎದೆ ತುಂಬಿಬಂತು. ಇನ್ನು ತನ್ನ ಹೆಸರನ್ನು ಯಾರೂ ಅಲ್ಲಾಡಿಸುವಂತಿಲ್ಲ ಎಂದು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ. ದೊಬ್ರಿನಾ ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದಳು. ಸರಿ ಸರಿ ಎಂದು ತಲೆಯನ್ನು ಅಡ್ಡಡ್ಡ ಆಡಿಸಿದಳು. ನಮ್ಮಲ್ಲಿ ಹೌದೆನ್ನುವುದು ಹಾಗೇ. ಬೇಡವೆನ್ನಬೇಕಾದರೆ ತಲೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ದೇವರು ಕತ್ತು ಕೊಟ್ಟಂದಿನಿಂದ ಹೀಗೆಯೇ ನಡೆದುಬಂದಿದೆ, ಯಾರಿಗೂ ತೊಂದರೆಯಾಗಿಲ್ಲ.

ಆಮೇಲೆ ಫೋನು ಕೇಳಿತು: ನಿಮ್ಮ ಹೆಸರೂ ವಿಳಾಸವೂ ಇರುವ, ಮೂರು ತಿಂಗಳೊಳಗಿನ ಒಂದು ಕಾಗದ ತೋರಿಸಿ.

ಮಿಂಚೊ ಕಾಗದಪತ್ರದ ಬಿಸ್ಕತ್ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದ. ಕರೆಂಟು ಹರಲಾಂಪಿ. ನೀರು ಹರಲಾಂಪಿ. ಕೇಬಲ್ ಹರಲಾಂಪಿ. ಟೆಲಿಫೋನು ದೊಬ್ರಿನಾ. ಚಿಮಣಿ ಗುಡಿಸುವವನ ರಸೀತಿ ಕೂಡ ಹರಲಾಂಪಿ. ಮಿಂಚೊನ ಹೆಸರಿನಲ್ಲಿ ಸಿಕ್ಕಿದ್ದು ಒಂದೇ ಕಾಗದ, ಮೀನು ಹಿಡಿಯುವ ಪರವಾನಗಿ. ಅದರಲ್ಲಿ ವಿಳಾಸ ಇರಲಿಲ್ಲ, ಅದರ ಅವಧಿಯೂ ಮುಗಿದು ಆರು ವರ್ಷವಾಗಿತ್ತು.

"ಇದನ್ನೆಲ್ಲ ಯಾಕೆ ನಮ್ಮ ಹೆಸರಿಗೆ ಮಾಡಿಸಲಿಲ್ಲ ನಾವು?" ಎಂದ.

"ಮಾಡಿಸೋಕೆ ನನ್ನ ತಂಗಿ ಸಹಿ ಬೇಕು," ಎಂದಳು ದೊಬ್ರಿನಾ. "ಹೋಗಿ ಕೇಳು ನೀನೇ."

ಬುರ್ಗಾಸ್‌ನಲ್ಲಿದ್ದ ತಂಗಿ, ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳವಾದಂದಿನಿಂದ ಮಾತು ಬಿಟ್ಟಿದ್ದಳು. ಆ ಯಂತ್ರ ಈಗಲೂ ಬಾಲ್ಕನಿಯಲ್ಲಿ ನಿಂತು ಉಪ್ಪಿನಕಾಯಿ ಜಾಡಿಗಳನ್ನು ಹೊತ್ತಿತ್ತು.

ಉಳಿದ ದಾರಿ ಒಂದೇ, ಕಟ್ಟಡದ ಮೇಲ್ವಿಚಾರಕಿ ವೆಲಿಚ್ಕಾ. ಮೊದಲು ಬೂಟಿನ ಕಾರ್ಖಾನೆಯಲ್ಲಿ ಮುನ್ನೂರು ಜನರ ಮೇಲೆ ಮೇಸ್ತ್ರಿಯಾಗಿದ್ದವಳು. ನಿವೃತ್ತಿಯಾದ ಮೇಲೆ ಆ ದನಿ ವ್ಯರ್ಥವಾಗಬಾರದೆಂದು ಕಟ್ಟಡದವರು ಅವಳಿಗೆ ಈ ಹೊಣೆ ಕೊಟ್ಟಿದ್ದರು. ಆ ಹೊತ್ತಿಗೆ ಅವಳು ಹಿತ್ತಲಲ್ಲಿದ್ದಳು. ಅಂದು ಲ್ಯೂತೆನಿತ್ಸ ಮಾಡುವ ದಿನ. ಸುಟ್ಟ ಮೆಣಸಿನಕಾಯಿ, ಟೊಮೆಟೊ ಎಲ್ಲ ಅರೆದು ದೊಡ್ಡ ಕೊಪ್ಪರಿಗೆಗೆ ಸುರಿದು, ಕಟ್ಟಿಗೆ ಒಲೆಯ ಮೇಲೆ ಅದು ಗಟ್ಟಿಯಾಗುವ ತನಕ ಕಲಕುವ ಕೆಲಸ. ಚಳಿಗಾಲಕ್ಕೆಲ್ಲ ಬ್ರೆಡ್ಡಿಗೆ ಹಚ್ಚಲು ಇಡೀ ಕಟ್ಟಡಕ್ಕೆ ಅದೇ ಗತಿ. ವೆಲಿಚ್ಕಾ ಕೈಯಲ್ಲಿ ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟು ಇತ್ತು.

ಮಿಂಚೊ ಇಲ್ಲಿ ವಾಸವಿದ್ದಾನೆ ಎಂದು ಒಂದು ಚೀಟಿ ಬರೆದುಕೊಡಲು ಅವಳು ತಕ್ಷಣ ಒಪ್ಪಿದಳು. ಸೌಟನ್ನು ಅವನ ಕೈಗೆ ಕೊಟ್ಟು, ಮೇಲೆ ಹೋಗಿ ಕಟ್ಟಡದ ರಿಜಿಸ್ಟರು ತಂದು, ಕನ್ನಡಕ ಏರಿಸಿ ಬೆರಳಿಟ್ಟು ಹುಡುಕಿದಳು.

"ಹನ್ನೊಂದನೇ ಫ್ಲ್ಯಾಟು. ಹರಲಾಂಪಿ ಕುತ್ಸಾರೊವ್, ಜೊತೆಗೆ ಇಬ್ಬರು."

"ಆ ಇಬ್ಬರಲ್ಲಿ ಒಬ್ಬ ನಾನು."

"ಇರಬಹುದಪ್ಪಾ. ಆದ್ರೆ ರಿಜಿಸ್ಟರಲ್ಲಿ ಇಬ್ಬರು ಅಂತಿದೆ, ಹೆಸರಿಲ್ಲ. ರಿಜಿಸ್ಟರಲ್ಲಿ ಇಲ್ಲದ್ದನ್ನ ನಾನು ಬರೆಯೋಳಲ್ಲ."

"ವೆಲಿಚ್ಕಾ ಅಕ್ಕ, ಇಪ್ಪತ್ತಾರು ವರ್ಷದಿಂದ ನನ್ನ ನೋಡ್ತಿದೀಯ."

"ನೋಡೋದು ಬೇರೆ, ಬರೆಯೋದು ಬೇರೆ ಅಳಿಯಂದಿರೇ. ಸೌಟು ನಿಲ್ಲಿಸಬೇಡ, ತಳ ಹಿಡಿಯುತ್ತೆ."

ಕೊನೆಗೆ ಅವಳು ಬರೆದುಕೊಟ್ಟಳು. 'ಹರಲಾಂಪಿ ಕುತ್ಸಾರೊವ್ ಅವರ ಮನೆಯಲ್ಲಿ ಅವರ ಅಳಿಯ ವಾಸವಿರುತ್ತಾನೆ, ನಡತೆ ಸುಮಾರಾಗಿದೆ' ಎಂದು. ಕೆಳಗೆ ಸಹಿ, ಗುಂಡಗಿನ ಮೊಹರು. ಮಿಂಚೊ ಅದರ ಫೋಟೊ ತೆಗೆದು ಕಳಿಸಿದ. ಅರ್ಜಿದಾರರ ಹೆಸರು ಕಾಗದದಲ್ಲಿ ಕಾಣುತ್ತಿಲ್ಲ ಎಂದು ಪಲಂಬೊ ಅರೆನಿಮಿಷದಲ್ಲಿ ಉತ್ತರಿಸಿತು. ಅಷ್ಟು ಬೇಗ ಇಲ್ಲವೆಂದವರನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಸ್ಪೇನಿನ ಝಪ್ರ್ಯಾನ್ ಬಂದ. ಝಪ್ರ್ಯಾನ್ ಅಪ್ಪಟ ಝ್ವಾನೆವೊದವನೇ, ಒಂಬತ್ತು ವರ್ಷ ಸ್ಪೇನಿನ ಹೋಟೆಲುಗಳಲ್ಲಿ ತಟ್ಟೆ ಹೊತ್ತು ಬಂದಿದ್ದ. ಅಂದಿನಿಂದ ಹೊರದೇಶದ ಯಾವ ವಿಷಯ ಬಂದರೂ ಅವನನ್ನು ಕೇಳಬೇಕೆಂದು ಅವನೇ ನಿಯಮ ಮಾಡಿಟ್ಟಿದ್ದ. ಮಿಂಚೊನ ಕೈಯಿಂದ ಫೋನು ಕಸಿದುಕೊಂಡು ಅಲ್ಲಿ ಇಲ್ಲಿ ಒತ್ತಿ, ಕರೆಂಟ್ ಬಿಲ್ಲಿನ ಫೋಟೊವನ್ನೇ ಕಳಿಸಿಬಿಟ್ಟ.

"ಅದು ಮಾವನ ಹೆಸರಿನದು ಕಣೋ," ಎಂದು ಮಿಂಚೊ ಗಾಬರಿಯಾದ.

"ಗೊತ್ತು. ಹೆಸರು ಹೊಂದದೆ ಹೋದ್ರೆ ಅವರೇ ಮನುಷ್ಯರ ಕೈಗೆ ಕೊಡ್ತಾರೆ. ಮಷೀನಿನ ಹತ್ರ ವಾದ ಮಾಡೋಕಾಗಲ್ಲ. ಮನುಷ್ಯರಾದ್ರೆ ಮಾತಲ್ಲಿ ಹೇಳಬಹುದು."

ಹಾಗೇ ಆಯಿತು. 'ಬಿಲ್ಲಿನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು. ಸಂಜೆ ಐದಕ್ಕೆ ನಮ್ಮ ಅಧಿಕಾರಿ ಲೀಸಾ ಇದೇ ಫೋನಿನಲ್ಲಿ ವಿಡಿಯೊ ಮೂಲಕ ವಿಚಾರಿಸುತ್ತಾರೆ' ಎಂದು ಬಂತು. ಝಪ್ರ್ಯಾನ್ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಆಮೇಲೆ ಅವನ ಮುಖ ಗಂಭೀರವಾಯಿತು.

"ಲೀಸಾ. ಹಾಲೆಂಡಿನವಳು. ಮಿಂಚೊ, ನೀನು ತಲೆ ಆಡಿಸೋದು ಹೇಗೆ?"

"ಎಲ್ಲರ ಹಾಗೆ."

"ಅದೇ ಅಪಾಯ. ನಮ್ಮಲ್ಲಿ ಹೌದಿಗೆ ಅಡ್ಡ, ಇಲ್ಲಕ್ಕೆ ಮೇಲೆ ಕೆಳಗೆ. ಅವರಲ್ಲಿ ಪೂರಾ ಉಲ್ಟಾ. ನಾನು ಸ್ಪೇನಿಗೆ ಹೋದ ಮೊದಲ ದಿನ, ಊಟ ಆಯ್ತಾ ಅಂತ ಯಜಮಾನ ಕೇಳ್ದ. ಇಲ್ಲ ಅಂತ ನಮ್ಮ ಥರ ತಲೆ ಆಡಿಸ್ದೆ. ಆಯ್ತು ಅಂದ್ಕೊಂಡ. ದಿನಾ ಕೇಳ್ತಿದ್ದ, ದಿನಾ ಆಡಿಸ್ತಿದ್ದೆ. ಮೂರು ದಿನ ಉಪವಾಸ ಬಿದ್ದಿದೀನಿ ಮಾರಾಯ, ಅದೂ ಅಡುಗೆಮನೇಲಿ ನಿಂತ್ಕೊಂಡು."

ಬಾಯಲ್ಲಿ ಹೇಳಿದರಾಯಿತಲ್ಲ ಎಂದು ಮಿಂಚೊ ಅಂದ. ಬಾಯಿ ಏನೇ ಹೇಳಲಿ, ಹೆದರಿದಾಗ ತಲೆ ತನ್ನ ಪಾಡಿಗೆ ತಾನು ಆಡುತ್ತದೆ, ಹೊರಗಿನವರು ನಂಬುವುದು ತಲೆಯನ್ನೇ ಎಂದು ಝಪ್ರ್ಯಾನ್ ವಿವರಿಸಿದ. ಹರಲಾಂಪಿಯ ಹೆಸರು ಕೇಳಿದರೆ ಮಿಂಚೊ ಹೆದರುವುದು ಊರಿಗೆಲ್ಲ ಗೊತ್ತಿದ್ದರಿಂದ ವಾದ ಅಲ್ಲಿಗೇ ನಿಂತಿತು. ಪಾಠ ಶುರುವಾಯಿತು.

ಮಧ್ಯಾಹ್ನವೆಲ್ಲ ಪಾಠ. ಕೊಪ್ಪರಿಗೆಯ ಪಕ್ಕದ ಬೆಂಚಿನ ಮೇಲೆ ಮಿಂಚೊನನ್ನು ಕೂರಿಸಿ, ಬಾಯಿ ತೆರೆಯಕೂಡದೆಂದು ಕಟ್ಟಪ್ಪಣೆ ಮಾಡಿ, ಝಪ್ರ್ಯಾನ್ ಪ್ರಶ್ನೆ ಹಾಕಿದ. ನಿನ್ನ ಹೆಸರು ಮಿಂಚೊನಾ? ತಲೆ ಮೇಲೆ, ಕೆಳಗೆ. ನೀನು ಹರಲಾಂಪಿನಾ? ತಲೆ ಅಡ್ಡ, ಅಡ್ಡ. ಮೊದಲ ಒಂದು ಗಂಟೆ ಹೊತ್ತು, ತಪ್ಪಿದಾಗಲೆಲ್ಲ ಮಂಡಿಯ ಮೇಲೆ ಒಂದೇಟು ಬೀಳುತ್ತಿತ್ತು. ಎರಡನೇ ಗಂಟೆಗೆ ಸುಮಾರಾಗಿ ಬಂತು. ಮೂರನೇ ಗಂಟೆಗೆ ಮಿಂಚೊನ ಕತ್ತು ಸ್ಪೇನಿನಲ್ಲಿ ಹುಟ್ಟಿದ ಹಾಗೆ ಆಡತೊಡಗಿತು. ಒಳಗಿನ ಏನೋ ಒಂದು ತಿರುಪು ಸಡಿಲವಾಗಿ ಹಿಂದುಮುಂದಾಗಿ ಕೂತಂತೆ ಅವನಿಗನ್ನಿಸಿತು, ಖುಷಿಯೂ ಆಯಿತು.

ಆ ಖುಷಿಯಲ್ಲಿರುವಾಗಲೇ ವೆಲಿಚ್ಕಾ ಕೊಪ್ಪರಿಗೆಯ ಹತ್ತಿರದಿಂದ ಕೇಳಿದಳು. "ಅಳಿಯಂದಿರೇ, ನಾನು ಉಪ್ಪು ಹಾಕಿದ್ನಾ?"

ಹಾಕಿದ್ದಳು. ಮಿಂಚೊ ಕಣ್ಣಾರೆ ಕಂಡಿದ್ದ. ಹೌದೆಂದು ತಲೆಯನ್ನು ಹೊಸ ಪಾಠದ ಪ್ರಕಾರ ಮೇಲೆ ಕೆಳಗೆ ಚೆನ್ನಾಗಿ ಆಡಿಸಿದ. ಇಲ್ಲವಾ, ನೋಡು ಮರೆವು ಎಂದುಕೊಂಡು ವೆಲಿಚ್ಕಾ ಮೂರು ಬೊಗಸೆ ಉಪ್ಪು ಸುರಿದಳು. ಸ್ವಲ್ಪ ಹೊತ್ತಿಗೆ ಜಾಡಿಗಳನ್ನು ಹೊತ್ತು ತಂದ ದೊಬ್ರಿನಾಳೂ ಅದನ್ನೇ ಕೇಳಿದಳು. ಮಿಂಚೊ ಇನ್ನೂ ಉತ್ಸಾಹದಿಂದ ತಲೆಯಾಡಿಸಿದ, ಅವಳೂ ಮೂರು ಬೊಗಸೆ ಸುರಿದಳು.

ನಾಲ್ಕು ಗಂಟೆಗೆ ವೆಲಿಚ್ಕಾ ಬ್ರೆಡ್ಡಿನ ಚೂರಿಗೆ ಒಂದಿಷ್ಟು ಹಚ್ಚಿ ಬಾಯಿಗಿಟ್ಟಳು. ಅವಳ ಮುಖ ನಿಂಬೆಹಣ್ಣು ಹಿಂಡಿದಂತಾಯಿತು. ಹದಿನಾಲ್ಕು ಮನೆಗಳ ಚಳಿಗಾಲ ಆ ಕೊಪ್ಪರಿಗೆಯಲ್ಲಿ ಕಪ್ಪು ಸಮುದ್ರದ ನೀರಿನಂತೆ ಉಪ್ಪಾಗಿ ಕುದಿಯುತ್ತಿತ್ತು. ಯಾರು ಎಷ್ಟು ಹಾಕಿದರು, ಯಾರನ್ನು ಕೇಳಿ ಹಾಕಿದರು ಎಂಬ ವಿಚಾರಣೆ ನಡೆದು, ಎರಡೇ ಮಾತಿನಲ್ಲಿ ಎಲ್ಲ ಬೆರಳುಗಳೂ ಬೆಂಚಿನ ಕಡೆ ತಿರುಗಿದವು. ಅಷ್ಟೇನೂ ಕೆಟ್ಟಿರಲಿಕ್ಕಿಲ್ಲ, ನಾನೇ ನೋಡುತ್ತೇನೆ ಎಂದು ಮಿಂಚೊ ಎದ್ದುಬಂದು ಕೊಪ್ಪರಿಗೆಯ ಮೇಲೆ ಬಾಗಿದ. ಅಂಗಿಯ ಜೇಬಿನಲ್ಲಿದ್ದ ಫೋನು ಬುಳುಕ್ಕೆಂದು ಒಳಗೆ ಹೋಯಿತು.

ಕೆಂಪು ಗುಳ್ಳೆಯೊಂದು ಎದ್ದು ಟಪ್ಪೆಂದು ಒಡೆಯಿತು. ವೆಲಿಚ್ಕಾ ಸೌಟಿನಿಂದ ತಳ ಜಾಲಾಡಿ ಫೋನನ್ನು ಮೇಲೆತ್ತಿ, ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದಳು. "ಇದಕ್ಕೂ ಉಪ್ಪು ಸಾಕಾ ನೋಡಿ ಹೇಳು," ಎಂದಳು.

ಮುಂದಿನ ಮುಕ್ಕಾಲು ಗಂಟೆ ಮಿಂಚೊ ಯಾವ ದೇವರಿಗೆ ಏನು ಹರಕೆ ಹೊತ್ತನೋ ಅವನಿಗೇ ನೆನಪಿಲ್ಲ. ದೊಬ್ರಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಝಪ್ರ್ಯಾನ್ ದ್ರಾಕ್ಷಿಯ ಸಾರಾಯಿ ರಕಿಯಾದಲ್ಲಿ ಹತ್ತಿ ಅದ್ದಿ ತೂತುಗಳನ್ನು ತೊಳೆದ, ಹತ್ತಿಯಲ್ಲಿ ಉಳಿಯದ ರಕಿಯಾವನ್ನು ತಾನು ಕುಡಿದ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದರು. ಐದಕ್ಕೆ ಐದು ನಿಮಿಷವಿರುವಾಗ ಫೋನಿಗೆ ಜೀವ ಬಂತು. ಆದರೆ ಮಾತಾಡುವ ತೂತು, ಕೇಳುವ ತೂತು ಎರಡರಲ್ಲೂ ಮೆಣಸಿನಕಾಯಿ ಗಟ್ಟಿಯಾಗಿ ಕೂತಿತ್ತು. ಕ್ಯಾಮೆರಾದಲ್ಲಿ ಎಲ್ಲವೂ ಕೆಂಪು ಮಂಜಿನ ಹಿಂದೆ ಇದ್ದಂತೆ ಕಾಣುತ್ತಿತ್ತು. ಬೇರೆ ಫೋನಿನಲ್ಲಿ ಮಾಡುವಂತಿರಲಿಲ್ಲ, ಇದೇ ಫೋನು ಎಂದು ಮೊದಲೇ ಬರೆದಿದ್ದರು.

"ನೋಡ್ದಾ," ಎಂದ ಝಪ್ರ್ಯಾನ್ ಗೆದ್ದವನ ದನಿಯಲ್ಲಿ. "ಈಗ ಉಳಿದಿರೋದು ತಲೆ ಒಂದೇ. ನಾನು ಕಲಿಸದೆ ಹೋಗಿದ್ರೆ ಏನು ಮಾಡ್ತಿದ್ದೆ?"

ಮಿಂಚೊ ಅಡುಗೆಮನೆಯ ಮೇಜಿಗೆ ಕೂತ. ಜೇಬಿನಲ್ಲಿ ಬಟ್ಟೆ ಸುತ್ತಿದ ಮುದ್ರೆ ಇತ್ತು. ಬೆನ್ನ ಹಿಂದೆ ಖಾಲಿ ಜಾಡಿಗಳ ಸಾಲು, ಕಿಟಕಿಯಾಚೆ ಹೊಗೆಯಾಡುವ ಕೊಪ್ಪರಿಗೆ, ಬಾಗಿಲಲ್ಲಿ ದೊಬ್ರಿನಾ, ವೆಲಿಚ್ಕಾ, ಝಪ್ರ್ಯಾನ್ ಉಸಿರು ಹಿಡಿದು ನಿಂತಿದ್ದರು.

ಸರಿಯಾಗಿ ಐದಕ್ಕೆ ಲೀಸಾ ಪ್ರತ್ಯಕ್ಷಳಾದಳು. ಜೋಳದ ಬಣ್ಣದ ಕೂದಲು, ಹಿಂದೆ ಗಾಳಿಯಂತ್ರ, ಟ್ಯುಲಿಪ್ ಹೂಗಳ ಚಿತ್ರ. ಅವಳ ತುಟಿಗಳು ಆಡಿದವು, ಸದ್ದು ಬರಲಿಲ್ಲ. ಮಿಂಚೊ ಕಿವಿ ತೋರಿಸಿದ, ಬಾಯಿ ತೋರಿಸಿದ, ಫೋನು ತೋರಿಸಿದ. ಅವಳಿಗೆ ಅರ್ಥವಾಯಿತು. ಪರದೆಯ ಕೆಳಗೆ ಅಕ್ಷರಗಳು ಮೂಡಿದವು. 'ನಿಮ್ಮ ದನಿ ಕೇಳುತ್ತಿಲ್ಲ. ನಾನು ಬರೆಯುವುದು ಕಾಣುತ್ತಿದ್ದರೆ ಕೈ ಎತ್ತಿ.' ಮಿಂಚೊ ಎರಡೂ ಕೈ ಎತ್ತಿದ. 'ಗುರುತಿನ ಚೀಟಿ ತೋರಿಸಿ.' ತೋರಿಸಿದ. ಅವಳು ಕಣ್ಣು ಕಿರಿದಾಗಿಸಿ ನೋಡಿದಳು. 'ಎಲ್ಲ ಕೆಂಪಾಗಿದೆ, ಓದಲು ಬರುತ್ತಿಲ್ಲ. ಪರವಾಗಿಲ್ಲ, ಬಿಲ್ಲು ಇದೆಯಲ್ಲ. ಕೆಲವು ಪ್ರಶ್ನೆ ಕೇಳುತ್ತೇನೆ, ತಲೆಯಾಡಿಸಿ ಸಾಕು.'

ಬಾಗಿಲಲ್ಲಿದ್ದ ಝಪ್ರ್ಯಾನ್ ಮುಷ್ಟಿ ಬಿಗಿಹಿಡಿದ.

'ನೀವು ಮಿಂಚೊ ದ್ರಾಗೊಯೆವ್ ಅವರೇ?'

ಇಪ್ಪತ್ತಾರು ವರ್ಷದಲ್ಲಿ ಇದನ್ನು ಇಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಕೇಳಿರಲಿಲ್ಲ. ಮಿಂಚೊ ಬೆನ್ನು ನೆಟ್ಟಗೆ ಮಾಡಿ, ತಲೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮೂರು ಸಲ ನಿಧಾನವಾಗಿ ಆಡಿಸಿದ. ಲೀಸಾ ಏನೋ ಬರೆದುಕೊಂಡಳು. 'ಖಂಡಿತವೇ?' ಎಂದು ಕೇಳಿದಳು. ಅವನು ಇನ್ನೂ ಮೂರು ಸಲ ಆಡಿಸಿದ.

'ಮಿಂಚೊ ಎಂಬವರು ಈ ವಿಳಾಸದಲ್ಲಿ ವಾಸವಿದ್ದಾರೆಯೇ?'

ಎಂಥ ಪ್ರಶ್ನೆ ಎನ್ನಿಸಿದರೂ ಮಿಂಚೊ ಬೇಸರಿಸಲಿಲ್ಲ. ಮತ್ತೆ ಮೇಲೆ, ಕೆಳಗೆ.

'ಹಾಗಾದರೆ ನೀವು ಬಿಲ್ಲಿನಲ್ಲಿರುವ ಹರಲಾಂಪಿ ಕುತ್ಸಾರೊವ್ ಅವರೇ?'

ಅಳಿಯಂದಿರು, ಜೊತೆಗೆ ಇಬ್ಬರು, ನಡತೆ ಸುಮಾರು, ಹಿತ್ತಾಳೆಯ ಫಲಕ, ಎಲ್ಲವೂ ಒಟ್ಟಿಗೆ ಅವನ ಕತ್ತಿಗೆ ಬಂದವು. ತಲೆಯನ್ನು ಅವನು ಅಡ್ಡಡ್ಡ ಎಷ್ಟು ಜೋರಾಗಿ ಒದರಿದನೆಂದರೆ ಕುರ್ಚಿ ಕಿರುಗುಟ್ಟಿತು. ಝಪ್ರ್ಯಾನ್‌ನ ಕಣ್ಣಲ್ಲಿ ನೀರು ಬಂತು. ಒಬ್ಬ ಶಿಷ್ಯನನ್ನಾದರೂ ತಯಾರು ಮಾಡಿದೆನಲ್ಲ ಎಂಬ ಹೆಮ್ಮೆ ಅದು.

'ಅರ್ಜಿಯಲ್ಲಿರುವ ಹೆಸರು ತಪ್ಪಾಗಿ ಬಿದ್ದಿದೆಯೇ?'

ಅಡ್ಡ, ಅಡ್ಡ, ಅಡ್ಡ.

ಲೀಸಾ ನಕ್ಕಳು. ಬೆರಳುಗಳು ಸರಸರನೆ ಓಡಿದವು. 'ಎಲ್ಲ ಸ್ಪಷ್ಟವಾಯಿತು. ಅಂಗಡಿ ಈಗಲೇ ತೆರೆಯುತ್ತೇನೆ.' ದೊಬ್ರಿನಾ ಗಂಡನ ಹೆಗಲು ಹಿಡಿದಳು. ವೆಲಿಚ್ಕಾ ಉಪ್ಪನ್ನು ಮರೆತು ಮೂಗು ಒರೆಸಿಕೊಂಡಳು. ಝಪ್ರ್ಯಾನ್ ಇದಕ್ಕೊಂದು ರಕಿಯಾ ಆಗಲೇಬೇಕೆಂದು ಸೀಸೆ ಹುಡುಕಲು ಹೊರಟ. ಮಿಂಚೊ ಜೇಬಿನಿಂದ ಮುದ್ರೆ ತೆಗೆದು, ಬಟ್ಟೆ ಬಿಚ್ಚಿ, ಮೇಜಿನ ಮೇಲೆ ನಿಲ್ಲಿಸಿದ. ಅಕ್ಷರಗಳು ಹತ್ತು ವರ್ಷ ಕಳೆದರೂ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು.

ಪರದೆಯ ಮೇಲೆ ಇನ್ನೂ ಕೆಲವು ಸಾಲು ಮೂಡಿದವು.

'ಕೆಲಸ ಮುಗಿಯಿತು, ಈಗ ಮನೆಮಾತು ಆಡಬಹುದು. ನಾನು ಹಾಲೆಂಡಿನವಳಲ್ಲ, ಯಾಂಬೊಲ್‌ನವಳು. ಹೆಸರು ಯೊರ್ದಾಂಕಾ. ಕಂಪನಿಯವರು ಲೀಸಾ ಅಂತ ಇಟ್ಟಿದ್ದಾರೆ, ಹಿಂದಿರುವ ಹೂವೂ ಅವರದೇ. ನಿಮ್ಮ ಕಿಟಕಿಯಾಚೆ ಕೊಪ್ಪರಿಗೆ ನೋಡಿ ನಮ್ಮಮ್ಮನ ನೆನಪಾಯಿತು. ನಮ್ಮವರ ಹತ್ತಿರ ತಲೆಯಾಡಿಸಿ ಮಾತಾಡೋದು ಎಷ್ಟು ಸುಲಭ. ಹೊರಗಿನವರ ಹತ್ತಿರ ದಿನಾ ಗೊಂದಲ. ಒಳ್ಳೇದಾಗಲಿ, ಹರಲಾಂಪಿ ಮಾವ.'

ಮಿಂಚೊ ಓದಿದ. ಕೊನೆಯ ಎರಡು ಪದವನ್ನು ಇನ್ನೊಮ್ಮೆ ಓದಿದ. ಅವನು ಕೈ ಬೀಸಿ ಕೂಗುವುದರೊಳಗೆ ಜೋಳದ ಬಣ್ಣದ ಕೂದಲು, ಗಾಳಿಯಂತ್ರ, ಟ್ಯುಲಿಪ್ ಎಲ್ಲ ಮಾಯವಾಗಿ, ಹಸಿರು ಚೌಕಟ್ಟಿನಲ್ಲಿ ಅಂಗಡಿಯ ಬೋರ್ಡು ಬಂತು: 'ಹರಲಾಂಪಿ ಕುತ್ಸಾರೊವ್, ಗಂಟೆಗಳು. ಪರಿಶೀಲಿಸಿದ ಮಾರಾಟಗಾರರು.'

ಝಪ್ರ್ಯಾನ್ ಸೀಸೆಯನ್ನು ಇದ್ದಲ್ಲೇ ಇಟ್ಟು, ಒಲೆ ಮೇಲೆ ಏನೋ ಇಟ್ಟುಬಂದಿದ್ದೇನೆ ಎಂದು ಗೊಣಗುತ್ತ ಮೆಟ್ಟಿಲು ಇಳಿದ. ಅವನ ಮನೆಯಲ್ಲಿ ಒಲೆ ಕೆಟ್ಟು ಎರಡು ತಿಂಗಳಾಗಿತ್ತು.

ಹೆಸರು ತಿದ್ದಿಸಲು ಮಿಂಚೊ ಸಹಾಯದ ಗುಂಡಿ ಒತ್ತಿದ. ಉತ್ತರ ಅರೆನಿಮಿಷದಲ್ಲೇ ಬಂತು. ಮಾಲೀಕರ ಹೆಸರು ಬದಲಾಯಿಸಬೇಕಾದರೆ ಮಾಲೀಕರಾದ ಹರಲಾಂಪಿ ಕುತ್ಸಾರೊವ್ ಅವರೇ ವಿಡಿಯೊದಲ್ಲಿ ಖುದ್ದು ಹಾಜರಾಗಬೇಕು, ಅವರಿಗೆ ಅನುಕೂಲವಾದ ದಿನ ತಿಳಿಸಿ, ಎಂದಿತ್ತು. ಮಿಂಚೊ ತಲೆಯೆತ್ತಿ ಹಾಲ್‌ನ ಗೋಡೆಯ ಕಡೆ ನೋಡಿದ. ಮೀಸೆಯ ಅಡಿಯ ನಗು ಬೆಳಿಗ್ಗೆಗಿಂತ ಸ್ವಲ್ಪ ಅಗಲವಾದಂತಿತ್ತು.

ಆರಕ್ಕೆ ಹತ್ತು ನಿಮಿಷವಿರುವಾಗ ಸ್ವಿಸ್ ಆಡಿನ ಡೇರಿಯಿಂದ ಆರ್ಡರು ಬಂತು. ನಲವತ್ತು ಗಂಟೆ. ಹಳೆಯ ಕಸುಬುದಾರ ಹರಲಾಂಪಿಯವರ ಕೈಕೆಲಸ ತಮಗೆ ಸಿಗುತ್ತಿರುವುದು ಭಾಗ್ಯವೆಂದೂ, ಒಂದೊಂದರ ಮೇಲೂ ಅವರ ಹೆಸರು ಎದ್ದು ಕಾಣುವಂತೆ ಒತ್ತಿರಬೇಕೆಂದೂ ಬರೆದಿತ್ತು. ಝ್ವಾನೆವೊದ ಗಂಟೆ ಅಂಗಡಿ ಹುಡುಕಿ ಈ ಒಂದೇ ಬೋರ್ಡು ಕಂಡ ಮೇಲೆ ಅವರಾದರೂ ಬೇರೇನು ಬರೆದಾರು.

ವೆಲಿಚ್ಕಾ ಈ ಹೊತ್ತಿಗೆ ಕನ್ನಡಕ ಏರಿಸಿ, ರಿಜಿಸ್ಟರು ತೆಗೆದು ಹನ್ನೊಂದನೇ ಫ್ಲ್ಯಾಟಿನ ಸಾಲಿಗೆ ಏನೋ ಸೇರಿಸುತ್ತಿದ್ದಳು. 'ಹರಲಾಂಪಿ ಕುತ್ಸಾರೊವ್, ವ್ಯಾಪಾರಿ, ಜೊತೆಗೆ ಇಬ್ಬರು' ಎಂದು ಗಟ್ಟಿಯಾಗಿ ಓದಿ, ಸಹಿ ಹಾಕಿ, ಮೊಹರು ಒತ್ತಿದಳು. ರಿಜಿಸ್ಟರು ನಿಜವನ್ನೇ ಹೇಳುತ್ತದೆ ಅಂತ ಬೆಳಿಗ್ಗೆಯೇ ಹೇಳಿದ್ದೆನಲ್ಲ ಎಂದು ಅಳಿಯಂದಿರಿಗೆ ನೆನಪಿಸಿದಳು. ಆಮೇಲೆ ಉಪ್ಪಿನ ಲ್ಯೂತೆನಿತ್ಸದ ಹತ್ತು ಜಾಡಿಗಳನ್ನು ಹನ್ನೊಂದನೇ ಫ್ಲ್ಯಾಟಿನ ಪಾಲಿಗೆ ಹಚ್ಚಿ ಹೊರಟುಹೋದಳು.

ಮಿಂಚೊ ತನ್ನ ಮುದ್ರೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಅವನಿಗೆ ಅಳು ಬಂದಂತಾಯಿತು, ನಿಜವಾಗಿಯೂ. ನಲವತ್ತು ಗಂಟೆ ಅವನ ಕೈಯಲ್ಲೇ ಆಗಬೇಕು, ಅವನ ಕಿವಿಯಲ್ಲೇ ಸ್ವರ ಹಿಡಿಯಬೇಕು, ಆಲ್ಪ್ಸ್ ಬೆಟ್ಟದ ಮೇಲೆ ನಲವತ್ತು ಆಡುಗಳು ದಿನವಿಡೀ ಮಾವನ ಹೆಸರನ್ನು ಕೊರಳಲ್ಲಿ ಕಟ್ಟಿಕೊಂಡು ಮೇಯಬೇಕು. ಮಾವನ ಮುದ್ರೆ ಎಲ್ಲಿ ಹೋಯಿತೋ, ಹೊಸದು ಮಾಡಿಸೋಣವೆಂದರೆ ನನ್ನದನ್ನು ಕೆತ್ತಿಕೊಟ್ಟವನೂ ತೀರಿಕೊಂಡನಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ದೊಬ್ರಿನಾ ಗಂಡನ ಮುಖ ನೋಡಿದಳು. ಒಳ್ಳೆಯ ಹೆಂಗಸು ಅವಳು, ಗಂಡನ ಸಂಕಟ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಒಳಗೆ ಹೋಗಿ ತನ್ನ ಸೂಜಿದಾರದ ಡಬ್ಬಿಯ ತಳದಿಂದ ಏನನ್ನೋ ತೆಗೆದು ತಂದು ಮೇಜಿನ ಮೇಲೆ, ಅವನ ಮುದ್ರೆಯ ಪಕ್ಕದಲ್ಲೇ ಇಟ್ಟಳು.

"ಅದಕ್ಕೆಲ್ಲ ಯೋಚನೆ ಮಾಡಬೇಡ," ಎಂದಳು. "ಅಪ್ಪನ ಮುದ್ರೆ ಇಲ್ಲೇ ಇದೆ. ವರ್ಷ ವರ್ಷ ಎಣ್ಣೆ ಹಚ್ಚಿ ಜೋಪಾನ ಮಾಡಿದೀನಿ, ಯಾವತ್ತಾದ್ರೂ ನಿನ್ನ ಕೈಗೆ ಕೊಡೋಣ ಅಂತ. ಆಗಬಹುದಾ?"

ಮಿಂಚೊನ ತಲೆ ಒಮ್ಮೆ ಅಡ್ಡಕ್ಕೆ ಹೊರಟಿತು, ಅರ್ಧದಲ್ಲಿ ನಿಂತು ಮೇಲಕ್ಕೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸುಮ್ಮನೆ ಒಂದು ಸುತ್ತು ತಿರುಗಿತು. ದೊಬ್ರಿನಾ ಅದನ್ನು ಹೌದೆಂದೇ ತಿಳಿದುಕೊಂಡು, ಅವನ ಮುದ್ರೆಯನ್ನು ಮತ್ತೆ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ತಳಕ್ಕೆ ಹಾಕಿಟ್ಟಳು.